ನಿನ್ನೆ ಕೊಂಡ ಪುಸ್ತಕ

ಮಲ್ಲೇಶ್ವರದ ಹಳೆಯ ಮನೆಯೊಂದರ ಜಗಲಿ, ಸಂಜೆ. ಮಾತನಾಡುತ್ತಿರುವವರು ಇಬ್ಬರು. ಒಬ್ಬರು ಮೂವತ್ತು ವರ್ಷ ಜರ್ಮನ್ ಕಲಿಸಿ ನಿವೃತ್ತರಾದ, ಮಂಗಳೂರು ಕಡೆಯ ಅಧ್ಯಾಪಕಿ. ಇನ್ನೊಬ್ಬಳು ಪಿಯುಸಿ ಮುಗಿಸಿ, ಜರ್ಮನಿಯಲ್ಲಿ ಎಂಜಿನಿಯರಿಂಗ್ ಓದಬೇಕೆಂದು ಅರಸೀಕೆರೆ ಕಡೆಯಿಂದ ಬಂದು ಇಂಟೆನ್ಸಿವ್ ಕೋರ್ಸಿಗೆ ಸೇರಿದ ಹುಡುಗಿ.

– ಮೇಡಂ, ಬಿಟ್ಟುಬಿಡೋಣ ಅಂತ ಇದ್ದೀನಿ.

– ಮೊದಲು ಕೂತುಕೋ. ನೀರು ಕುಡಿ. ಎಂತ ಬಿಡುವುದು?

– ಜರ್ಮನ್ನು. ಇವತ್ತಿಗೆ ಆರು ವಾರ. ಬೆಳಿಗ್ಗೆ ಎಂಟೂವರೆಗೆ ಕೂತರೆ ಒಂದು ಗಂಟೆಗೆ ಏಳೋದು, ವಾರಕ್ಕೆ ಐದು ದಿನ. ರೂಮಿಗೆ ಬಂದು ಮತ್ತೆ ಮೂರು ಗಂಟೆ ಹೋಂವರ್ಕು. ಮೊದಲ ಎರಡು ವಾರ ಖುಷಿಯಾಗಿತ್ತು. ಹೆಸರು ಹೇಳೋದು, ಊರು ಹೇಳೋದು, ಬ್ರೆಡ್ಡು ಬೆಣ್ಣೆ ಕೇಳೋದು. ಈಗ ಟೀಚರ್ ನನ್ನ ಕಡೆ ತಿರುಗಿದರೆ ಸಾಕು, ಗಂಟಲು ಒಣಗುತ್ತೆ. ನಿನ್ನೆ ಒಂದು ವಾಕ್ಯ ಹೇಳೋಕೆ ಹೋಗಿ ಮಧ್ಯದಲ್ಲೇ ನಿಂತುಬಿಟ್ಟೆ. ಹೇಳಬೇಕಾದ್ದು ಗೊತ್ತಿತ್ತು, ಪದಗಳೂ ಗೊತ್ತಿದ್ದವು. ಯಾವುದು ಮುಂದೆ, ಯಾವುದು ಹಿಂದೆ ಅನ್ನೋದೇ ಕಲಸಿಹೋಯ್ತು.

– ಬಿಡ್ತೇನೆ ಅಂತ ನನ್ನ ಹತ್ತಿರ ಬಂದವರಲ್ಲಿ ಹೆಚ್ಚಿನವರು ಬಂದದ್ದು ಐದನೇ, ಆರನೇ ವಾರದಲ್ಲೇ. ಅಲ್ಲಿಯವರೆಗೆ ಕಲಿಯುವುದು ಬರೀ ಹೆಸರುಗಳನ್ನು. ಆಮೇಲೆ ವಾಕ್ಯ ಬರುತ್ತದೆ, ವಿಭಕ್ತಿ ಬರುತ್ತದೆ. ಹೊಲಿಗೆ ಕಲಿಯುವವರಿಗೆ ಗುಂಡಿ ಹಚ್ಚುವುದು ಸಲೀಸು. ರವಿಕೆಗೆ ತೋಳು ಕೂರಿಸುವ ದಿನ ಕಣ್ಣೀರು ಬರುತ್ತದೆ.

– ಪಕ್ಕದಲ್ಲಿ ಕೂತವರಿಗೆ ಹೀಗಾಗ್ತಿಲ್ಲ ಮೇಡಂ. ಅವರೆಲ್ಲ ಚಿಕ್ಕಂದಿನಿಂದ ಇಂಗ್ಲಿಷ್ ಮೀಡಿಯಂ. ಪುಸ್ತಕದ ಹಿಂದೆ ಇಂಗ್ಲಿಷ್ ಅರ್ಥ ಇದೆ, ನೋಡ್ತಾರೆ, ಮುಂದೆ ಹೋಗ್ತಾರೆ. ನನಗೆ ಆ ಇಂಗ್ಲಿಷ್ ಅರ್ಥಕ್ಕೇ ಇನ್ನೊಂದು ಅರ್ಥ ಬೇಕಾಗುತ್ತೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳಿಗೆ ಇದು ಆಗೋ ಕೆಲಸ ಅಲ್ಲ ಅನ್ನಿಸಿಬಿಟ್ಟಿದೆ.

– ಆ ಕೊನೆಯ ಮಾತು ತಪ್ಪು. ಅದನ್ನೇ ಮೊದಲು ಮಾತಾಡುವ. ನಿನ್ನೆ ಯಾವ ವಾಕ್ಯದಲ್ಲಿ ನಿಂತುಹೋದದ್ದು?

– ‘ನನಗೆ ಹುಷಾರಿಲ್ಲದ್ದರಿಂದ ಬರಲಿಲ್ಲ’ ಅನ್ನಬೇಕಿತ್ತು. ‘ವೈಲ್’ ಅಂತ ಶುರು ಮಾಡಿದೆ. ಬಿಕಾಸ್ ಐ ಆಮ್ ಅಂತ ಇಂಗ್ಲಿಷಲ್ಲಿ ಜೋಡಿಸಿಕೊಂಡು, ‘ವೈಲ್ ಇಶ್ ಬಿನ್ ಕ್ರಾಂಕ್’ ಅಂದೆ. ತಪ್ಪು ಅಂದ್ರು.

– ಸರಿ ಯಾವುದು?

– ‘ವೈಲ್ ಇಶ್ ಕ್ರಾಂಕ್ ಬಿನ್.’ ಕ್ರಿಯಾಪದ ಕೊನೆಗೆ ಹೋಗಬೇಕಂತೆ.

– ಕ್ರಿಯಾಪದ ಕೊನೆಗೆ ಹೋಗಬೇಕು ಅಂತ ಕನ್ನಡದವರಿಗೆ ಯಾರಾದರೂ ಕಲಿಸಬೇಕಾ? ಹುಟ್ಟಿದಾರಭ್ಯ ನಾವು ಕ್ರಿಯಾಪದವನ್ನು ಕೊನೆಗೇ ಇಟ್ಟವರು. ನೀನು ತಪ್ಪಿದ್ದು ಕನ್ನಡ ಮೀಡಿಯಂನಲ್ಲಿ ಓದಿದ್ದರಿಂದ ಅಲ್ಲ, ಜರ್ಮನ್ನಿಗೆ ಹೋಗಲು ಇಂಗ್ಲಿಷಿನ ಮೇಲೆ ಸುತ್ತಿ ಹೋದದ್ದರಿಂದ. ಮುಖ್ಯ ವಾಕ್ಯದಲ್ಲಿ ಜರ್ಮನ್ನಿನ ಕ್ರಿಯಾಪದ ಎರಡನೇ ಜಾಗದಲ್ಲಿ ಕೂರುತ್ತದೆ, ಅದನ್ನು ಹೊಸತಾಗಿ ಕಲಿಯಲೇಬೇಕು. ಆದರೆ ಉಪವಾಕ್ಯ ಬಂದ ಕೂಡಲೇ ಅದು ನಮ್ಮ ಜಾಗಕ್ಕೆ ಬಂದು ನಿಲ್ಲುತ್ತದೆ. ಇನ್ನೊಂದು ಹೇಳ್ತೇನೆ. ‘ನನಗೆ ಚಳಿಯಾಗ್ತದೆ’ ಅನ್ನುವುದು ಹೇಗೆ?

– ‘ಮೀರ್ ಇಸ್ಟ್ ಕಲ್ಟ್.’

– ‘ಮೀರ್’ ಅಂದರೆ?

– ಟು ಮಿ… ನನಗೆ.

– ನೋಡು, ನಮ್ಮ ಚತುರ್ಥಿ ವಿಭಕ್ತಿ. ಇಂಗ್ಲಿಷಿನ ದಾರಿಯಲ್ಲಿ ಹೋದವರು ‘ಐ ಆಮ್’ ಅಂತ ಹೊರಟು ‘ಇಶ್ ಬಿನ್ ಕಲ್ಟ್’ ಅನ್ನುತ್ತಾರೆ, ಕೇಳಿದವರಿಗೆ ಬೇರೆಯೇ ಅರ್ಥವಾಗುತ್ತದೆ. ನಮಗೆ ಚಳಿ ಆಗುವುದೂ ‘ನನಗೆ’, ಇಷ್ಟವಾಗುವುದೂ ‘ನನಗೆ’. ಜರ್ಮನ್ನಿನ ‘ಗೆಫಾಲೆನ್’ ಅನ್ನುವ ಕ್ರಿಯಾಪದ ಇಂಗ್ಲಿಷಿನಿಂದ ಬಂದವರಿಗೆ ಬಹಳ ಕಷ್ಟ. ನಮ್ಮ ‘ಹಿಡಿಸು’ ಇದೆಯಲ್ಲ, ಅದು ನಡೆಯುವ ಹಾಗೆಯೇ ನಡೆಯುತ್ತದೆ. ‘ನನಗೆ ಈ ಮನೆ ಹಿಡಿಸಿತು.’ ಮನೆ ಕರ್ತೃ, ನಾನು ಚತುರ್ಥಿ.

– ಇದನ್ನು ನನಗೆ ಯಾರೂ ಹೇಳಲಿಲ್ಲ ಮೇಡಂ.

– ಎಲ್ಲಕ್ಕಿಂತ ಚಂದದ್ದು ಇನ್ನೂ ಉಂಟು. ನಿನಗೆ ಎರಡು ಮೂರು ತಿಂಗಳ ನಂತರ ಬರುತ್ತದೆ, ಈಗಲೇ ಹೇಳ್ತೇನೆ. ‘ಡಾಸ್ ಗೆಸ್ಟರ್ನ್ ಗೆಕೌಫ್ಟೆ ಬೂಖ್.’ ಗೆಸ್ಟರ್ನ್ ಅಂದರೆ ನಿನ್ನೆ. ಗೆಕೌಫ್ಟೆ, ಕೊಂಡ. ಬೂಖ್, ಪುಸ್ತಕ.

– ನಿನ್ನೆ… ಕೊಂಡ… ಪುಸ್ತಕ.

– ಒಂದು ಪದವೂ ಸ್ಥಳ ಬದಲಿಸಲಿಲ್ಲ. ಇಂಗ್ಲಿಷಿನಲ್ಲಿ ಇದನ್ನು ಒಡೆದು ಹಿಂದುಮುಂದು ಮಾಡಬೇಕು, ಪುಸ್ತಕ ಮೊದಲು, ನಿನ್ನೆ ಕೊನೆಗೆ. ಜರ್ಮನ್ನಿನ ವಿಜ್ಞಾನದ ಪುಸ್ತಕಗಳಲ್ಲಿ, ಸರ್ಕಾರಿ ಕಾಗದಗಳಲ್ಲಿ ಇಂಥ ವಾಕ್ಯಗಳೇ ತುಂಬಿವೆ. ‘ಕಳೆದ ವರ್ಷ ಆ ಪ್ರಯೋಗಶಾಲೆಯಲ್ಲಿ ಅಳೆದ ತಾಪಮಾನ’ ಅನ್ನುವಂಥವು. ವರ್ಷಗಟ್ಟಲೆ ಕಲಿತವರೂ ಅಲ್ಲಿ ಎಡವುವುದನ್ನು ಕಂಡಿದ್ದೇನೆ. ಒಮ್ಮೆ ಧಾರವಾಡದಿಂದ ಬಂದ ಹುಡುಗನಿಗೆ ಇದನ್ನು ಕನ್ನಡದಲ್ಲಿ ತೋರಿಸಿದೆ. ಅವನು ಒಂದು ನಿಮಿಷ ಸುಮ್ಮನಿದ್ದು, ‘ಇದು ನಮ್ಮದೇ ಅದ ಅಲ್ರೀ’ ಅಂದ. ಮೂವತ್ತು ವರ್ಷದಲ್ಲಿ ನನಗೆ ಸಿಕ್ಕಿದ ದೊಡ್ಡ ಸಂಬಳ ಆ ಮಾತು.

– ಆದ್ರೆ ಲಿಂಗ ಮೇಡಂ? ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ನಪುಂಸಕ. ಡೆರ್, ಡೀ, ಡಾಸ್. ಅದಕ್ಕೆ ಕನ್ನಡದಲ್ಲಿ ಏನಿದೆ?

– ಏನೂ ಇಲ್ಲ. ಇಲ್ಲದ್ದನ್ನು ಇದೆ ಅಂತ ಹೇಳಿ ನಿನ್ನನ್ನು ಸಮಾಧಾನ ಮಾಡುವುದಿಲ್ಲ. ನಮ್ಮಲ್ಲಿ ಲಿಂಗ ಅರ್ಥವನ್ನು ಹಿಡಿದು ಹೋಗುತ್ತದೆ, ಅಲ್ಲಿ ಪದವನ್ನು ಹಿಡಿದು. ಮಗ್ಗಿ ಕಲಿತ ಹಾಗೆ ಬಾಯಿಪಾಠ ಮಾಡಬೇಕು. ‘ಲ್ಯೋಫೆಲ್’ ಅಂತ ಕಲಿಯಲೇಬೇಡ, ‘ಡೆರ್ ಲ್ಯೋಫೆಲ್’ ಅಂತಲೇ ಕಲಿ. ಆದರೆ ‘ಡಾಸ್ ಕಿಂಟ್’, ಮಗು, ನಪುಂಸಕ ಅಂದಾಗ ಬೇರೆಯವರು ಹುಬ್ಬೇರಿಸುತ್ತಾರೆ. ನೀನು ಹುಬ್ಬೇರಿಸಬೇಕಾಗಿಲ್ಲ. ನಮ್ಮ ಮಗುವೂ ‘ಅಳುತ್ತದೆ’, ‘ಅಳುತ್ತಾಳೆ’ ಅಲ್ಲ. ಕಿವಿಯ ವಿಷಯವೂ ಹಾಗೆಯೇ. ‘ಶ್ಟಟ್’ ಅಂದರೆ ಪಟ್ಟಣ, ‘ಶ್ಟಾಟ್’ ಅಂದರೆ ಒಂದು ದೇಶದ ಪ್ರಭುತ್ವ. ಸ್ವರದ ಉದ್ದ ಒಂದೇ ವ್ಯತ್ಯಾಸ. ಬೆಳೆ ಬೇರೆ, ಬೇಳೆ ಬೇರೆ ಅಂತ ತಿಳಿದ ಕಿವಿಗೆ ಅದು ಕೇಳಿಸುತ್ತದೆ.

– ಕ್ಲಾಸಲ್ಲಿ ಜರ್ಮನ್ ಬಿಟ್ಟು ಬೇರೆ ಮಾತೇ ಆಡಬಾರದು ಅನ್ನೋ ನಿಯಮ ಇದೆ. ನೀವು ಹೇಳೋದು ಅದಕ್ಕೆ ವಿರುದ್ಧ ಆಗಲ್ವಾ?

– ಆ ನಿಯಮ ಸರಿ, ಅದನ್ನು ಮುರಿಯಬೇಡ. ಅಮೆರಿಕದ ಮಿಡಲ್‌ಬರಿ ಅನ್ನುವ ಊರಿನ ಕಾಲೇಜಿನಲ್ಲಿ 1915ರಲ್ಲಿ ಬೇಸಿಗೆಯ ಜರ್ಮನ್ ಶಾಲೆ ಶುರುವಾಯಿತು. ಅಲ್ಲಿಯ ಬೇಸಿಗೆ ಶಾಲೆಗಳಿಗೆ ಸೇರಿದವರು ಶಾಲೆ ಮುಗಿಯುವವರೆಗೆ ಕಲಿಯುವ ಭಾಷೆಯನ್ನಲ್ಲದೆ ಬೇರೆ ಆಡುವುದಿಲ್ಲ ಅಂತ ಸಹಿ ಹಾಕಿ ಕೊಡಬೇಕು. ಬಾಯಿ ಪಳಗಬೇಕಾದರೆ ಹಾಗೆಯೇ ಆಗಬೇಕು. ಆದರೆ ಬಾಯಿ ಪಳಗುವುದು ಒಂದು, ಮನಸ್ಸಿಗೆ ತಿಳಿಯುವುದು ಇನ್ನೊಂದು. ಬೆಳಿಗ್ಗೆ ತರಗತಿಯಲ್ಲಿ ಬಾಯಿಗೆ ಜರ್ಮನ್ ಮಾತ್ರ. ರಾತ್ರಿ ರೂಮಿನಲ್ಲಿ, ಹಗಲು ಕೇಳಿದ್ದು ಏಕೆ ಹಾಗೆ ಅಂತ ಯೋಚಿಸುವಾಗ ಕನ್ನಡ. ನೀನು ಆ ಹೊತ್ತಿನಲ್ಲಿ ಇಂಗ್ಲಿಷಿನಲ್ಲಿ ಯೋಚಿಸಲು ಹೋಗಿ ಎರಡು ಸಲ ದಣಿಯುತ್ತಿದ್ದೀ.

– ಅಪ್ಪನಿಗೆ ಬೇರೆಯೇ ಚಿಂತೆ. ಪಿಯುಸಿಯಲ್ಲಿ ಅಷ್ಟು ಅಂಕ ತೆಗೆದವಳು ಈಗ ಅ ಆ ಇ ಈ ಕಲೀತಾ ಕೂತಿದ್ದೀಯಲ್ಲ, ಒಂದು ವರ್ಷ ದಂಡ ಆಯ್ತಲ್ಲ ಅಂತಾರೆ. ಅಲ್ಲಿ ಹೋದ ಮೇಲೂ ನೇರವಾಗಿ ಕಾಲೇಜಿಲ್ಲ ಅಂದ್ರೆ ಅವರಿಗೆ ನಂಬಿಕೆನೇ ಬರ್ತಿಲ್ಲ.

– ಅಪ್ಪನಿಗೆ ಬಿಡಿಸಿ ಹೇಳು. ನಮ್ಮ ಪಿಯುಸಿ ಒಂದರ ಮೇಲೆಯೇ ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಸಾಮಾನ್ಯವಾಗಿ ನೇರ ಪ್ರವೇಶ ಸಿಗುವುದಿಲ್ಲ. ‘ಶ್ಟೂಡಿಯೆನ್‌ಕೊಲೆಗ್’ ಅಂತ ಎರಡು ಸೆಮಿಸ್ಟರಿನ ಪೂರ್ವಸಿದ್ಧತಾ ವರ್ಷ ಇದೆ. ಅದಕ್ಕೆ ಸೇರಲಿಕ್ಕೇ ಒಂದು ಪ್ರವೇಶ ಪರೀಕ್ಷೆ, ಬಿ1 ಇಲ್ಲವೇ ಬಿ2 ಅನ್ನುವ ಮಧ್ಯಮ ಮಟ್ಟದ ಜರ್ಮನ್ ಬೇಕು. ಎಂಜಿನಿಯರಿಂಗಿಗೆ ಹೋಗುವವರಿಗೆ ಟಿ ಕೋರ್ಸು, ವೈದ್ಯಕೀಯಕ್ಕೆ ಎಂ ಕೋರ್ಸು. ಗಣಿತ, ಭೌತವಿಜ್ಞಾನ ಎಲ್ಲ ಜರ್ಮನ್ನಿನಲ್ಲೇ. ಕೊನೆಗೆ ಒಂದು ಪರೀಕ್ಷೆ, ಪಾಸಾದರೆ ವಿಶ್ವವಿದ್ಯಾಲಯ. ಇಂಗ್ಲಿಷಿನಲ್ಲಿ ಓದಬಹುದು ಅಂತ ನೀನು ಕೇಳಿರಬಹುದು, ಅದು ಸ್ನಾತಕೋತ್ತರದವರ ಮಾತು. ಪದವಿ ಹಂತದಲ್ಲಿ ಅಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಬಹುಪಾಲು ಜರ್ಮನ್ನಿನಲ್ಲೇ ಕಲಿಸುವುದು. ಹಾಗಾಗಿ ಭಾಷೆಗೆ ಕೊಟ್ಟ ವರ್ಷ ಓದಿನ ಹೊರಗಿನದಲ್ಲ, ಓದಿನ ಮೊದಲ ವರ್ಷವೇ ಅದು.

– ಆ ಗಣಿತ, ಫಿಸಿಕ್ಸು ಜರ್ಮನ್ನಲ್ಲಿ ಅಂದ್ರೇನೇ ನನಗೆ ಭಯ.

– ಮೊದಲ ಪಿಯುಸಿಗೆ ಸೇರಿದ ಮೂರು ತಿಂಗಳು ನೆನಪಿದೆಯಾ?

– ಮರೆಯೋಕಾಗುತ್ತಾ? ‘ವೇಗೋತ್ಕರ್ಷ’ ಅಂತ ಕಲಿತವಳಿಗೆ ಆಕ್ಸಲರೇಷನ್ ಅಂದ್ರೆ ಏನಂತ ಗೊತ್ತಿರಲಿಲ್ಲ. ಕೈ ಎತ್ತಿ ಕೇಳೋಕೂ ನಾಚಿಕೆ. ಆಗ ದಿನಾ ರಾತ್ರಿ ಅಳ್ತಿದ್ದೆ.

– ಅಂದರೆ ಹದಿನಾರನೇ ವಯಸ್ಸಿನಲ್ಲಿ ನೀನು ಒಂದು ಇಡೀ ವಿಜ್ಞಾನವನ್ನು ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಹೊತ್ತು ದಾಟಿಸಿದವಳು. ಯಾರೂ ಕೈ ಹಿಡಿಯಲಿಲ್ಲ. ಆದರೂ ದಾಟಿ ಅಂಕ ತೆಗೆದೆ. ನಿನ್ನ ಪಕ್ಕದಲ್ಲಿ ಕೂತವರು ಆ ಹೊಳೆ ಇನ್ನೂ ದಾಟಿಲ್ಲ, ಜರ್ಮನಿಯಲ್ಲಿ ಮೊದಲ ಸಲ ಇಳಿಯಬೇಕು ಅವರು. ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಈ ಅನುಭವವನ್ನು ಕೊರತೆ ಅಂತ ಲೆಕ್ಕ ಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸರಿ, ನೀನು ಆಕ್ಸಿಜನ್ನಿಗೆ ಶಾಲೆಯಲ್ಲಿ ಏನು ಅನ್ನುತ್ತಿದ್ದೆ?

– ಆಮ್ಲಜನಕ.

– ಹೈಡ್ರೋಜನ್ನಿಗೆ?

– ಜಲಜನಕ.

– ಜರ್ಮನ್ನಿನಲ್ಲಿ ಆಕ್ಸಿಜನ್ನು ‘ಝೌವರ್‌ಶ್ಟೋಫ್’. ಝೌವರ್ ಅಂದರೆ ಹುಳಿ, ಆಮ್ಲ. ಶ್ಟೋಫ್ ಅಂದರೆ ದ್ರವ್ಯ. ಹೈಡ್ರೋಜನ್ನು ‘ವಾಸರ್‌ಶ್ಟೋಫ್’, ವಾಸರ್ ಅಂದರೆ ನೀರು. ಆಮ್ಲಗಳಿಗೆಲ್ಲ ಆಕ್ಸಿಜನ್ನೇ ಮೂಲ ಅಂತ ಫ್ರಾನ್ಸಿನ ಲವಾಸಿಯೇ ಅಂದುಕೊಂಡಿದ್ದ, ಅದು ತಪ್ಪು ಅಂತ ಮುಂದೆ ತಿಳಿಯಿತು, ಹೆಸರು ಮಾತ್ರ ಉಳಿಯಿತು. ಜರ್ಮನ್ನರು ಅದನ್ನು ತಮ್ಮ ಮಾತಿಗೆ ತಿರುಗಿಸಿಕೊಂಡರು, ನಾವು ನಮ್ಮ ಪಠ್ಯಕ್ಕೆ ತಿರುಗಿಸಿಕೊಂಡೆವು. ಎರಡೂ ಒಂದೇ ಕಡೆಯಿಂದ ಹೊರಟ ಪದಗಳು. ನಿನಗೆ ಅದು ಒಂದೇ ಸಲಕ್ಕೆ ನೆನಪಿನಲ್ಲಿ ಕೂತಿತು, ಅಲ್ಲವಾ?

– ಕೂತುಬಿಡ್ತು ಮೇಡಂ. ಇನ್ನು ಮರೆಯೋದಿಲ್ಲ. ಆದ್ರೂ ಎಷ್ಟು ದಿನ ಹೀಗೆ? ಒಂದು ಲೆಕ್ಕ ಹೇಳಿ.

– ಲೆಕ್ಕ ಇದೆ. 45 ನಿಮಿಷದ ಒಂದು ಪಾಠ ಅಂತ ಇಟ್ಟುಕೊಂಡರೆ, ಬಿ1 ಮಟ್ಟಕ್ಕೆ 350ರಿಂದ 650 ಪಾಠ ಬೇಕು ಅನ್ನುತ್ತದೆ ಗೊಯ್ಟೆ ಸಂಸ್ಥೆ, ನಾವು ಮ್ಯಾಕ್ಸ್ ಮುಲ್ಲರ್ ಭವನ ಅಂತ ಕರೆಯುವುದು ಅದನ್ನೇ. ನಿನಗೆ ದಿನಕ್ಕೆ ಐದು ಪಾಠ, ವಾರಕ್ಕೆ 25. ಆರು ವಾರಕ್ಕೆ 150. ಅರ್ಧ ದಾರಿಯನ್ನೂ ನಡೆಯದೆ ‘ಊರು ಬರಲಿಲ್ಲ’ ಅಂತ ಕೂತಿದ್ದೀ ಮಾರಾಯ್ತಿ. ಆದರೆ ಇಂಥ ಲೆಕ್ಕಗಳನ್ನು ನೋಡುವಾಗ ಅದು ಯಾರಿಗಾಗಿ ಹಾಕಿದ ಲೆಕ್ಕ ಅಂತ ಕೇಳಬೇಕು. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆಯೊಂದಿದೆ. ಜಪಾನಿ, ಚೀನಿ, ಕೊರಿಯನ್, ಅರಬ್ಬಿ ಅತಿ ಕಷ್ಟದವು, ತಲಾ 2,200 ಗಂಟೆ ಬೇಕು ಅಂತ ಅವರ ಪಟ್ಟಿ. ಅದು ಇಂಗ್ಲಿಷ್ ಮಾತಾಡುವವರ ಬಾಗಿಲಿನಿಂದ ಅಳೆದ ದೂರ. ಜಪಾನಿಯಲ್ಲಿ ‘ನಾನು ಅನ್ನವನ್ನು ತಿಂದೆ’ ಅನ್ನುವುದಕ್ಕೆ ‘ವತಾಶಿ ವಾ ಗೋಹನ್ ಓ ತಬೆಮಾಶಿತ’. ಗೋಹನ್ ಅಂದರೆ ಅನ್ನ, ‘ಓ’ ನಮ್ಮ ‘ಅನ್ನು’, ಕ್ರಿಯಾಪದ ಕೊನೆಗೆ. ಲಿಪಿಯ ಕಷ್ಟ ಎಲ್ಲರಿಗೂ ಒಂದೇ, ವಾಕ್ಯದ ಕಷ್ಟ ನಮಗೆ ಅಷ್ಟಿಲ್ಲ. ನಮ್ಮ ಬಾಗಿಲಿನಿಂದ ಯಾರೂ ಅಳೆದು ಕೊಡಲಿಲ್ಲ ಅಂತ ದೂರ ಹೆಚ್ಚು ಅಂದುಕೊಳ್ಳಬಾರದು.

– ಅಷ್ಟು ಕಮ್ಮಿ ಸಮಯದಲ್ಲಿ ಏನೂ ಗೊತ್ತಿಲ್ಲದವರು ಭಾಷೆ ಕಲಿತದ್ದನ್ನು ನೀವು ನೋಡಿದ್ದೀರಾ?

– ಮೈಸೂರಿಗೆ ಹೋಗು. ಮಾನಸಗಂಗೋತ್ರಿಯಲ್ಲಿ ಭಾರತೀಯ ಭಾಷಾ ಸಂಸ್ಥಾನ ಇದೆ, 1969ರಲ್ಲಿ ಶುರುವಾದದ್ದು. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಾಲಾ ಮೇಷ್ಟ್ರುಗಳಿಗೆ ಹತ್ತು ತಿಂಗಳು ಕನ್ನಡ ಕಲಿಸುತ್ತಾರೆ. ಒಂದಕ್ಷರ ಗೊತ್ತಿಲ್ಲದೆ ಬಂದವರು ಕೊನೆಗೆ ಕನ್ನಡ ಓದುತ್ತಾರೆ, ಬರೆಯುತ್ತಾರೆ. ಇನ್ನು ನಮ್ಮೂರಿನ ಕಥೆ ನಿನಗೆ ಗೊತ್ತು. ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಓದಿದ ಹೆರ್ಮನ್ ಮ್ಯೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು. ಏಳು ವರ್ಷಕ್ಕೆ, 1843ರಲ್ಲಿ, ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆಯನ್ನು ಹೊರಗಿಂದ ಬಂದು ಕನ್ನಡ ಕಲಿತವರೊಬ್ಬರು ಮಾಡಿದರು. ಅವರು ನಮ್ಮ ಗಾದೆಗಳನ್ನೂ ಕೂಡಿಹಾಕಿದರು. ಜರ್ಮನಿಯಿಂದಲೇ ಕಿಟೆಲ್ಲರು ಬಂದದ್ದು 1853ರಲ್ಲಿ, ಇಪ್ಪತ್ತೊಂದರ ಪ್ರಾಯ. ನಿನಗಿಂತ ಮೂರು ವರ್ಷ ದೊಡ್ಡವರು, ಅಷ್ಟೇ. ಅವರ ಕನ್ನಡ ನಿಘಂಟು 1894ರಲ್ಲಿ ಬಂತು. ಅವರ ಬಾಯಿಗೆ ಳಕಾರ, ಣಕಾರ ಹೊಸತು, ನಿನ್ನ ಬಾಯಿಗೆ ಆ ‘ಉ’ಕಾರಕ್ಕೂ ‘ಇ’ಕಾರಕ್ಕೂ ನಡುವಿನ ಸ್ವರ ಹೊಸತು.

– ಆ ಸ್ವರ ಬರೋದೇ ಇಲ್ಲ ನನಗೆ.

– ‘ಈ’ ಅಂತ ಹೇಳುತ್ತಾ ನಾಲಿಗೆ ಅಲ್ಲೇ ಇಟ್ಟು ತುಟಿ ಮಾತ್ರ ‘ಊ’ಗೆ ದುಂಡಗೆ ಮಾಡು. ಕನ್ನಡಿ ಮುಂದೆ ದಿನಾ ಐದು ನಿಮಿಷ. ಗಟ್ಟಿಯಾಗಿ ಓದುತ್ತೀಯಾ ನೀನು?

– ಇಲ್ಲ ಮೇಡಂ. ಪಿಜಿಯಲ್ಲಿ ಮೂರು ಜನ ಇದ್ದೀವಿ. ಮನಸ್ಸಲ್ಲೇ ಓದ್ಕೋತೀನಿ.

– ಅಲ್ಲೇ ಉಂಟು ನಿನ್ನ ಗಂಟಲು ಒಣಗುವ ಕಾರಣ. ಕೇಳು. ಟ್ರಾಯ್ ನಗರವನ್ನು ಅಗೆದು ಹೊರತೆಗೆದ ಹೈನ್ರಿಶ್ ಶ್ಲೀಮನ್ ತನ್ನ ಪ್ರಾಯದ ಕಾಲದಲ್ಲಿ ಆಮ್‌ಸ್ಟರ್‌ಡಾಮಿನ ಒಂದು ವ್ಯಾಪಾರದ ಮನೆಯಲ್ಲಿ ಗುಮಾಸ್ತ. 1844ರಲ್ಲಿ ರಷ್ಯನ್ ಕಲಿಯಲು ಹೊರಟ. ಕಲಿಸುವವರು ಯಾರೂ ಸಿಗಲಿಲ್ಲ. ಒಂದು ವ್ಯಾಕರಣ, ಒಂದು ನಿಘಂಟು, ಒಂದು ಕಥೆಯ ರಷ್ಯನ್ ಅನುವಾದ, ಇಷ್ಟೇ ಬಂಡವಾಳ. ದಿನಾ ಗಟ್ಟಿಯಾಗಿ ಓದಿ ಬಾಯಿಪಾಠ ಮಾಡಿದ. ಎದುರಿಗೆ ಕೇಳುವವರಿದ್ದರೆ ಬೇಗ ಬರುತ್ತದೆ ಅನ್ನಿಸಿ, ಒಬ್ಬ ಬಡವನಿಗೆ ವಾರಕ್ಕೆ ನಾಲ್ಕು ಫ್ರಾಂಕ್ ಕೊಟ್ಟು ಪ್ರತಿ ಸಂಜೆ ಎರಡು ಗಂಟೆ ಕೂರಿಸಿಕೊಂಡ. ಆ ಮನುಷ್ಯನಿಗೆ ರಷ್ಯನ್ನಿನ ಒಂದು ಪದವೂ ಗೊತ್ತಿರಲಿಲ್ಲ! ಶ್ಲೀಮನ್ನನ ಗಲಾಟೆ ತಡೆಯದೆ ಬಾಡಿಗೆಯವರು ದೂರು ಕೊಟ್ಟು, ಎರಡು ಸಲ ಮನೆ ಬದಲಿಸಬೇಕಾಯಿತಂತೆ. ಆರು ವಾರಕ್ಕೆ ರಷ್ಯನ್ನಿನಲ್ಲಿ ಮೊದಲ ಪತ್ರ ಬರೆದೆ ಅಂತ ಅವನೇ ಹೇಳಿಕೊಂಡಿದ್ದಾನೆ. ತನ್ನ ಬಗ್ಗೆ ತಾನು ಬರೆದದ್ದು, ಸ್ವಲ್ಪ ಹೆಚ್ಚಿಸಿರಬಹುದು. ಆದರೆ ಕೇಳುವ ಕಿವಿಯೊಂದು ಎದುರಿಗಿದ್ದರೆ ನಾಲಿಗೆ ಬೇಗ ತಿರುಗುತ್ತದೆ ಅನ್ನುವುದು ಖಂಡಿತ ನಿಜ. ನಿನ್ನ ಅಜ್ಜಿ ಇದ್ದಾರಲ್ಲ ಊರಲ್ಲಿ?

– ಇದ್ದಾರೆ. ದಿನಾ ಸಂಜೆ ಫೋನ್ ಮಾಡ್ತಾರೆ.

– ಇವತ್ತಿನಿಂದ ಅವರಿಗೆ ಹತ್ತು ನಿಮಿಷ ಜರ್ಮನ್ ಓದಿ ಹೇಳು. ಆಮೇಲೆ ಅದರ ಅರ್ಥವನ್ನು ಕನ್ನಡದಲ್ಲಿ ಹೇಳು. ಅಜ್ಜಿಗೆ ಅರ್ಥವಾಗುವ ಹಾಗೆ ಹೇಳಲು ಬಂದರೆ ನಿನಗೂ ಅರ್ಥವಾಗಿದೆ ಅಂತ.

– ಪದಗಳನ್ನು ನೆನಪಿಟ್ಟುಕೊಳ್ಳೋದು?

– ಮರೆತುಹೋಗುವುದು ಹೇಗೆ ಅಂತ ಬರ್ಲಿನ್ನಿನಲ್ಲಿ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಬರೆದ. ಕಲಿತ ಮೊದಲ ದಿನವೇ ಬಹಳಷ್ಟು ಹೋಗುತ್ತದೆ, ಉಳಿದದ್ದು ನಿಧಾನ ಹೋಗುತ್ತದೆ. ಆದ್ದರಿಂದ ಅದೇ ರಾತ್ರಿ ಒಮ್ಮೆ, ಮರುದಿನ ಒಮ್ಮೆ, ವಾರ ಬಿಟ್ಟು ಒಮ್ಮೆ. ಚೀಟಿ ಮಾಡಿ ಚಪ್ಪಲಿ ಡಬ್ಬಿಯಲ್ಲಿ ಐದು ಖಾನೆ ಮಾಡಿಕೋ. ಬಂದ ಪದ ಮುಂದಿನ ಖಾನೆಗೆ, ಮರೆತದ್ದು ವಾಪಸ್ ಮೊದಲನೇ ಖಾನೆಗೆ. ಚೀಟಿಯ ಹಿಂದೆ ಕನ್ನಡ ಬರೆ.

– ಫೋನಲ್ಲೇ ಅನುವಾದ ಸಿಗೋ ಕಾಲದಲ್ಲಿ ಇಷ್ಟೆಲ್ಲ ಬೇಕಾ ಅಂತ ಅಣ್ಣ ಕೇಳ್ತಾನೆ.

– ನಾನು 1979ರಲ್ಲಿ ಎರಡು ತಿಂಗಳ ಕೋರ್ಸಿಗೆ ಜರ್ಮನಿಯ ಶ್ವೇಬಿಶ್ ಹಾಲ್ ಅನ್ನುವ ಊರಿಗೆ ಹೋಗಿದ್ದೆ. ಪಕ್ಕದ ಮನೆಯ ಅಜ್ಜಿ ಕಾಫಿಗೆ ಕರೆದರು, ‘ಹಲ್ಪ್ ಫೀರ್’ಗೆ ಬಾ ಅಂತ. ಹಲ್ಪ್ ಅಂದರೆ ಅರ್ಧ, ಫೀರ್ ಅಂದರೆ ನಾಲ್ಕು. ನಾಲ್ಕೂವರೆ ಅಂದುಕೊಂಡೆ. ಅವರ ಲೆಕ್ಕದಲ್ಲಿ ನಾಲ್ಕನೇ ಗಂಟೆಯ ಅರ್ಧ, ಅಂದರೆ ಮೂರೂವರೆ. ಒಂದು ಗಂಟೆ ತಡವಾಗಿ ಹೋದರೆ ಮೇಜಿನ ಮೇಲೆ ಕೇಕ್ ಹಾಗೇ ಇತ್ತು, ಅವರು ಕಿಟಕಿ ಹತ್ತಿರ ಕೂತಿದ್ದರು. ಅವತ್ತು ಕನ್ನಡ ನನ್ನನ್ನು ದಾರಿ ತಪ್ಪಿಸಿತು ಅಂತಲೂ ಹೇಳಬೇಕು. ಆ ಅಜ್ಜಿ ನಗಲಿಲ್ಲ. ಗಡಿಯಾರ ಕೆಳಗಿಳಿಸಿ, ಮುಳ್ಳು ತಿರುಗಿಸಿ ತಿರುಗಿಸಿ ಹೇಳಿಕೊಟ್ಟರು. ಪುಸ್ತಕದಲ್ಲಿ ‘ಬ್ರ್ಯೋಟ್‌ಶೆನ್’ ಅಂತ ಇರುವ ಬನ್ನಿಗೆ ಆ ಸೀಮೆಯಲ್ಲಿ ‘ವೆಕ್ಲೆ’ ಅನ್ನಬೇಕು ಅಂತಲೂ ಅವರೇ ಕಲಿಸಿದ್ದು. ಫೋನಿದ್ದರೆ ನಾನು ಮೂರೂವರೆಗೆ ಸರಿಯಾಗಿ ಹೋಗುತ್ತಿದ್ದೆ, ಅದು ನಿಜ. ಅಣ್ಣನಿಗೆ ಹೇಳು: ಪ್ರಯೋಗಶಾಲೆಯಲ್ಲಿ ಐದು ಜನ ಒಟ್ಟಿಗೆ ಮಾತಾಡುವಾಗ, ಮಧ್ಯಾಹ್ನ ಊಟದ ಮೇಜಿನಲ್ಲಿ, ಯಾರೂ ಫೋನ್ ಮುಂದೆ ಹಿಡಿದು ಗೆಳೆತನ ಮಾಡುವುದಿಲ್ಲ. ಮೊದಲ ವರ್ಷ ದೂರದ ಊರಲ್ಲಿ ಒಬ್ಬಳೇ ಇರುವಾಗ ಬೇಕಾಗುವುದು ಅದೇ.

– ನಾಳೆ ಹೋಗ್ತೀನಿ ಮೇಡಂ ಕ್ಲಾಸಿಗೆ.

– ಹೋಗು. ಒಂದು ಕೆಲಸ ಮಾಡು. ಒಂದು ನೋಟ್‌ಬುಕ್ ಇಡು. ಎಡ ಪುಟದಲ್ಲಿ ಕನ್ನಡ, ಬಲ ಪುಟದಲ್ಲಿ ಜರ್ಮನ್, ಪದಕ್ಕೆ ಪದ ಎದುರು. ಕನ್ನಡ ಎಲ್ಲಿ ಜೊತೆ ಬಂತು ಅಂತ ಹಸಿರು ಗೆರೆ, ಎಲ್ಲಿ ಬೇರೆಯಾಯಿತು ಅಂತ ಕೆಂಪು ಗೆರೆ. ನನಗೆ ಸಿಕ್ಕಿದ ಪಠ್ಯಗಳೆಲ್ಲ ಇಂಗ್ಲಿಷಿನಲ್ಲೇ ಅರ್ಥ ಹೇಳುತ್ತಿದ್ದವು. ಇದನ್ನು ನಾನೇ ಬರೆದಿಡಬೇಕಿತ್ತು, ಬರೆಯಲಿಲ್ಲ.

– ನಿನ್ನೆ ಕೊಂಡ ನೋಟ್‌ಬುಕ್ಕು ಒಂದು ಬ್ಯಾಗಲ್ಲೇ ಇದೆ.

– ಈಗ ಹೇಳಿದ್ದನ್ನು ಜರ್ಮನ್ನಿನಲ್ಲಿ ಹೇಳು. ನೋಟ್‌ಬುಕ್ ಅಂದರೆ ‘ಡಾಸ್ ಹೆಫ್ಟ್’.

– ಡಾಸ್… ಗೆಸ್ಟರ್ನ್… ಗೆಕೌಫ್ಟೆ… ಹೆಫ್ಟ್.

– ಸರಿಯಾಗಿದೆ. ಎರಡು ತಿಂಗಳು ಮುಂದಿನ ಪಾಠ ಅದು. ನೋಟ್‌ಬುಕ್ ತುಂಬಿದ ಮೇಲೆ ನನಗೆ ತಂದು ಕೊಡು. ಜೂನ್‌ನಲ್ಲಿ ಸಿರಸಿಯಿಂದ ಒಬ್ಬ ಹುಡುಗ, ಕನಕಪುರದಿಂದ ಒಬ್ಬಳು ಸೇರುತ್ತಿದ್ದಾರೆ. ಇಬ್ಬರೂ ಹತ್ತನೆಯವರೆಗೆ ಕನ್ನಡದಲ್ಲೇ ಓದಿದವರು.